ಅತ್ತೆಯ ಸೇವೆಯಲ್ಲಿ ನಿತ್ಯಪೂಜೆ ತಪ್ಪಿದರೆ ದೋಷವೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 81 ವರ್ಷ. ಪಾರ್ಶ್ವವಾಯು ಆಗಿ ಒಂದೂಮುಕ್ಕಾಲು ವರ್ಷವಾಯಿತು. ಬಲಗಡೆ ಸ್ವಾಧೀನವಿಲ್ಲ, ಮಾತೂ ತೊದಲು, ಎಲ್ಲವೂ ಹಾಸಿಗೆಯಲ್ಲೇ. ಮದುವೆಯಾಗಿ ಬಂದ 24 ವರ್ಷದಲ್ಲಿ ನಮ್ಮ ಮನೆಯಲ್ಲಿ ದೇವರ ಪೂಜೆ ನಿಂತದ್ದಿಲ್ಲ. ಯಜಮಾನರು ಸಾಲಿಗ್ರಾಮಕ್ಕೆ ಅಭಿಷೇಕ ಮಾಡುತ್ತಿದ್ದರು. ಅಣಿ ಮಾಡುವುದು, ನೈವೇದ್ಯ, ಸಂಜೆ ದೀಪ, ಲಲಿತಾ ಸಹಸ್ರನಾಮ ನನ್ನದು. ಈಗ ಬೆಳಿಗ್ಗೆ ಎದ್ದರೆ ಅತ್ತೆಯವರ ಬಟ್ಟೆ ಬದಲಿಸುವುದೇ ಮೊದಲ ಕೆಲಸ. ಯಜಮಾನರು 7ಕ್ಕೆ ಕಂಪನಿ ಬಸ್ಸಿಗೆ ಓಡುತ್ತಾರೆ. ಪೂಜೆ ಒಂದು ದಿನ ಆದರೆ ಮೂರು ದಿನ ಇಲ್ಲ. ಸಹಸ್ರನಾಮ ಅರ್ಧಕ್ಕೇ ನಿಲ್ಲುತ್ತದೆ. ಮಲಮೂತ್ರ ಮುಟ್ಟಿದ ಕೈಯಲ್ಲಿ ದೀಪ ಹಚ್ಚಲು ಮನಸ್ಸು ಅಳುಕುತ್ತದೆ. ನಮ್ಮ ಭಾವನವರು, ನಿತ್ಯಪೂಜೆ ಬಿಟ್ಟಿದ್ದಕ್ಕೇ ಅಮ್ಮ ಏಳುತ್ತಿಲ್ಲ, ಶನಿಶಾಂತಿ ನವಗ್ರಹ ಹೋಮ ಮಾಡಿಸಿ ಎನ್ನುತ್ತಾರೆ.

ಹಗಲು ನೋಡಿಕೊಳ್ಳಲು ಮಂಗಳೂರು ಕಡೆಯ ಒಬ್ಬ ಕ್ರೈಸ್ತ ಹೆಂಗಸು ಬರುತ್ತಾರೆ. ಬಂದ ತಕ್ಷಣ ಕೈಕಾಲು ತೊಳೆದು, ಶಿಲುಬೆಯ ಗುರುತು ಮಾಡಿಕೊಂಡು, ಅರೆ ನಿಮಿಷ ಕಣ್ಣು ಮುಚ್ಚಿ ನಿಂತು ಆಮೇಲೆ ಅತ್ತೆಯವರನ್ನು ಮುಟ್ಟುತ್ತಾರೆ. ನಾನೊಮ್ಮೆ ಅವರ ಮುಂದೆ ಅತ್ತುಬಿಟ್ಟೆ. "ಅಕ್ಕಾ, ನನಗೆ ಇದೇ ಪ್ರಾರ್ಥನೆ. ಅಜ್ಜಿಗೆ ಸ್ನಾನ ಮಾಡಿಸುವಾಗ ನಾನು ದೇವರ ಮುಂದೆಯೇ ಇದ್ದೀನಿ ಅಂತ ತಿಳೀತೀನಿ" ಎಂದರು. ಈ ಮಾತು ನಮಗೂ ಸಲ್ಲುತ್ತದೆಯೇ? ಅವರು ಅವರ ಧರ್ಮದಲ್ಲಿ ಹೇಳಿದ್ದನ್ನು ನಾವು ಒಪ್ಪಬಹುದೇ? ಇನ್ನೊಂದು, ಭಾನುವಾರ ಬೆಳಿಗ್ಗೆ ಅವರು ಚರ್ಚಿಗೆ ಹೋಗಬೇಕೆಂದು ಬರುವುದಿಲ್ಲ. ಸೇವೆಯೇ ಪ್ರಾರ್ಥನೆ ಎಂದವರು ಒಂದು ದಿನ ಯಾಕೆ ತಪ್ಪಿಸಬೇಕು ಎಂದು ಯಜಮಾನರು ಗೊಣಗುತ್ತಾರೆ. ದಯವಿಟ್ಟು ಹೆಸರು ಹಾಕಬೇಡಿ.
— ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಉಳಿದವರ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದೆ, ನಿಮ್ಮದನ್ನು ಮಾತ್ರ ಪಂಚಾಂಗದೊಳಗೆ ಇಟ್ಟುಕೊಂಡಿದ್ದೆ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ನಿಮ್ಮ ಮನಸ್ಸಿನ ಭಾರ ಇಳಿಯಲಿ ಎಂದು ಶಾಸ್ತ್ರದ ಮಾತನ್ನು ಮೊದಲು ಹೇಳಿಬಿಡುತ್ತೇನೆ.

ದೋಷವಿಲ್ಲ. ಹೋಮ ಬೇಡ.

ಕರ್ಮಗಳಲ್ಲಿ ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಭೇದ ಉಂಟು. ಸಂಧ್ಯಾವಂದನೆ, ದೇವಪೂಜೆ ಇವು ನಿತ್ಯ. ಗ್ರಹಣಸ್ನಾನ, ಶ್ರಾದ್ಧ ಮುಂತಾದವು ನಿಮಿತ್ತ ಬಂದಾಗ ಮಾಡುವಂಥವು. ಇಂಥ ಫಲ ಬೇಕು ಎಂದು ಸಂಕಲ್ಪಿಸಿ ಮಾಡುವ ಹೋಮ, ವ್ರತ ಕಾಮ್ಯ. ಮೀಮಾಂಸಕರು ಇಲ್ಲಿ ಒಂದು ಸೂಕ್ಷ್ಮ ಹೇಳಿದ್ದಾರೆ. ಪಾಠಶಾಲೆಯಲ್ಲಿ ನಮಗೆ ಇದನ್ನು ಬಾಯಿಪಾಠ ಮಾಡಿಸಿದರು, ಅರ್ಥ ಆದದ್ದು ಮಾತ್ರ ಬಹಳ ತಡವಾಗಿ. ಕಾಮ್ಯಕರ್ಮಕ್ಕೆ ಎಲ್ಲಾ ಅಂಗಗಳೂ ಪೂರ್ತಿ ಬೇಕು, ಒಂದು ಲೋಪವಾದರೂ ಫಲವಿಲ್ಲ. ನಿತ್ಯಕರ್ಮಕ್ಕೆ ಹಾಗಲ್ಲ. ಅದು ಯಥಾಶಕ್ತಿ. ಎಷ್ಟು ಅಂಗ ಕೈಲಾಗುತ್ತದೋ ಅಷ್ಟನ್ನು ಇಟ್ಟುಕೊಂಡು ಮುಖ್ಯವಾದದ್ದನ್ನು ನಡೆಸಿದರೆ ಕರ್ಮ ಆಯಿತು. ಯಾಕೆಂದರೆ ಅದು ಜೀವ ಇರುವವರೆಗೂ ದಿನದಿನವೂ ಮಾಡಬೇಕಾದದ್ದು. ಕಾಯಿಲೆ, ಪ್ರಯಾಣ, ಬಾಣಂತನ, ಸಾವು, ನೋವು ಎಲ್ಲದರ ನಡುವೆ ನಡೆಯಬೇಕಾದದ್ದಕ್ಕೆ ಪೂರ್ಣತೆ ಕೇಳಿದರೆ ಯಾರಿಂದ ಆದೀತು? ಆದ್ದರಿಂದ ನಿಮ್ಮದು ಚಿಕ್ಕದಾಗಿದೆಯೇ ಹೊರತು ಕೆಟ್ಟಿಲ್ಲ.

ಭಾವನವರು ಹೇಳಿದ ಶನಿಯ ವಿಷಯ. ನೀವು ಕಳಿಸಿದ ಜಾತಕವನ್ನು ನೋಡಿದೆ. ನಲವತ್ತು ವರ್ಷದಿಂದ ಜಾತಕ ನೋಡುವವನಾಗಿ ಹೇಳುತ್ತೇನೆ, ಈ ವಯಸ್ಸಿನಲ್ಲಿ ಪಾರ್ಶ್ವವಾಯು ಆಗಲು ಸೊಸೆ ಸಹಸ್ರನಾಮ ಬಿಡಬೇಕಾಗಿಲ್ಲ. ಪೂಜೆ ತಪ್ಪಿದ್ದು ಕಾಯಿಲೆ ಬಂದ ಮೇಲೆ, ಕಾಯಿಲೆ ಬಂದದ್ದು ಪೂಜೆ ತಪ್ಪಿದ ಮೇಲಲ್ಲ. ಇಷ್ಟು ಲೆಕ್ಕ ಭಾವನವರಿಗೂ ತಿಳಿಯುತ್ತದೆ. ಅಲ್ಲದೆ ಜ್ಯೋತಿಷ್ಯದಲ್ಲಿ ಶನಿ ಯಾವುದಕ್ಕೆ ಕಾರಕ? ವೃದ್ಧರಿಗೆ, ದೀರ್ಘರೋಗಕ್ಕೆ, ಮೈಮುರಿದು ದುಡಿಯುವವರಿಗೆ. ಮಲಗಿದ ಮುದುಕಿಯ ಬೆನ್ನಿಗೆ ಹುಣ್ಣಾಗದಂತೆ ರಾತ್ರಿ ಎರಡು ಸಲ ಎದ್ದು ಹೊರಳಿಸುವವರು ಯಾರೋ ಅವರ ಕೈಯಲ್ಲಿ ಶನಿಶಾಂತಿ ದಿನವೂ ನಡೆಯುತ್ತಲೇ ಇದೆ. ಹೋಮಕ್ಕೆಂದು ತೆಗೆದಿಟ್ಟ ದುಡ್ಡಿದ್ದರೆ ಆ ಗಾಳಿ ತುಂಬುವ ಹಾಸಿಗೆ ತನ್ನಿ.

ಇನ್ನು ಆ ಕ್ರೈಸ್ತ ತಾಯಿ ಹೇಳಿದ ಮಾತು. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅರ್ಧ ಮಾತ್ರವೂ ತೆಗೆದುಕೊಳ್ಳಬೇಡಿ. ಅದರ ಹಿಂದೆ ಬಹಳ ಹಳೆಯ ಸಂಪ್ರದಾಯವಿದೆ.

ನಾನು ಪಾಠಶಾಲೆ ಮುಗಿಸಿ ಮೊದಲ ಆರು ವರ್ಷ ಮಂಗಳೂರಿನಲ್ಲಿ ಒಂದು ದೇವಸ್ಥಾನದಲ್ಲಿ ಪರಿಚಾರಕನಾಗಿದ್ದೆ. ಬಾಡಿಗೆ ಮನೆಯ ಗೋಡೆಗೆ ಗೋಡೆ ತಾಗಿ ಒಂದು ಕೊಂಕಣಿ ಕ್ರೈಸ್ತ ಕುಟುಂಬ. ಹತ್ತಿರದ ಇಗರ್ಜಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಗಂಟೆ ಹೊಡೆಯುತ್ತಿತ್ತು. ಆ ಮನೆಯ ಯಜಮಾನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಸಂಜೆ ಗಂಟೆ ಕೇಳಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು ನಿಲ್ಲುತ್ತಿದ್ದ. ಮೀನು ತೊಳೆಯುತ್ತಿದ್ದ ಹೆಂಡತಿಯೂ ನಿಲ್ಲುತ್ತಿದ್ದಳು. ರಾತ್ರಿ ಊಟಕ್ಕೆ ಮೊದಲು ಮನೆಮಂದಿಯೆಲ್ಲಾ ಮೊಣಕಾಲೂರಿ ಜಪಮಣಿ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ. ಅದಕ್ಕೆ ಅವರು 'ತೆರ್ಸ್' ಎನ್ನುತ್ತಾರೆ. ಹತ್ತು ಹತ್ತರಂತೆ ಐದು ಸಲ, ಒಬ್ಬರು ಹೇಳುವುದು, ಉಳಿದವರು ಪೂರ್ತಿ ಮಾಡುವುದು. ಚಿಕ್ಕ ಹುಡುಗ ತೂಕಡಿಸಿ ಗೋಡೆಗೆ ತಲೆ ಹೊಡೆದುಕೊಂಡದ್ದು ನಮ್ಮ ಮನೆಗೆ ಕೇಳುತ್ತಿತ್ತು. ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಕೇಳುವುದು. 'ಬೆಸಾಂವ್' ಎಂಬ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇದೆ. ಮಳೆಗಾಲ, ಜ್ವರ, ಅವರ ಮನೆಯಲ್ಲಿ ಸಾವು, ಯಾವುದಕ್ಕೂ ಅದು ನಿಂತದ್ದನ್ನು ನಾನು ಕಾಣೆ. ಆ ವಯಸ್ಸಿನಲ್ಲಿ ನನಗೆ ಸ್ವಲ್ಪ ಅಹಂಕಾರ. ನಮ್ಮಲ್ಲಿ ತ್ರಿಕಾಲ ಸಂಧ್ಯೆ ಇದೆ, ಇವರದೇನು ದೊಡ್ಡದು ಅಂತ. ನಮ್ಮ ಬೀದಿಯಲ್ಲಿ ಉಪನಯನವಾದ ಎಷ್ಟು ಹುಡುಗರು ಸಂಧ್ಯೆ ಮಾಡುತ್ತಿದ್ದರು ಎಂದು ಎಣಿಸಲು ಹೋಗಲಿಲ್ಲ.

ಅದರ ಬೇರು ಎಲ್ಲಿದೆ ಎಂದು ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ. ನಾನು ವರ್ಷಕ್ಕೊಮ್ಮೆ ಸತ್ಯನಾರಾಯಣ ಪೂಜೆಗೆ ಹೋಗುವ ಮನೆಯ ಯಜಮಾನರು ಇತಿಹಾಸದ ಪ್ರಾಧ್ಯಾಪಕರಾಗಿದ್ದವರು. ಪೂಜೆ ಮುಗಿದರೂ ಬಿಡುವವರಲ್ಲ, ಕಾಫಿ ಕೊಟ್ಟು ಕೂರಿಸಿ ಪಾಠ ಮಾಡುತ್ತಾರೆ. ಅವರಿಂದ ಬೆನೆಡಿಕ್ಟ್ ಎಂಬ ಸಂತರ ವಿಷಯ ತಿಳಿಯಿತು. 6ನೇ ಶತಮಾನದಲ್ಲಿ ಇಟಲಿಯ ಮೊಂಟೆ ಕ್ಯಾಸಿನೊ ಎಂಬ ಬೆಟ್ಟದ ಮೇಲೆ ಮಠ ಕಟ್ಟಿದವರು. ಮಠದ ಸನ್ಯಾಸಿಗಳ ದಿನಚರಿಗೆ 73 ಅಧ್ಯಾಯದ ಒಂದು ನಿಯಮಗ್ರಂಥ ಬರೆದರು. ಪಶ್ಚಿಮ ದೇಶದ ಎಷ್ಟೋ ಮಠಗಳು ಇವತ್ತಿಗೂ ಅದರಂತೆ ನಡೆಯುತ್ತವೆ. ನಮ್ಮ ಗೃಹ್ಯಸೂತ್ರಗಳನ್ನು ಓದಿದವನಿಗೆ ಅದು ಅಪರಿಚಿತ ಎನ್ನಿಸುವುದಿಲ್ಲ. ಹಗಲಿಗೆ ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ಅವರ 150 ಕೀರ್ತನೆಗಳನ್ನು ಒಂದು ವಾರದಲ್ಲಿ ಒಂದು ಸುತ್ತು ಹೇಳಿ ಮುಗಿಸಬೇಕು, ನಾವು ಪಾರಾಯಣ ಮಾಡುವ ಹಾಗೆ. ಗಂಟೆ ಹೊಡೆದರೆ ಕೈಯಲ್ಲಿರುವ ಕೆಲಸ ಅಲ್ಲಿಗೇ ಬಿಟ್ಟು ಬರಬೇಕು. ದೇವರ ಈ ಕೆಲಸಕ್ಕಿಂತ ಮುಂದೆ ಯಾವುದನ್ನೂ ಇಡಕೂಡದು. ದೂರದ ಹೊಲದಲ್ಲಿದ್ದವನು, ಪ್ರಯಾಣದಲ್ಲಿದ್ದವನು ಹೊತ್ತಿಗೆ ಸರಿಯಾಗಿ ಇದ್ದಲ್ಲೇ ಮಂಡಿಯೂರಿ ಹೇಳಿಕೊಳ್ಳಬೇಕು. ನೀರು ಸಿಗದಿದ್ದರೆ ಮಣ್ಣಿನಿಂದಲಾದರೂ ಅರ್ಘ್ಯ ಕೊಡು, ಹೊತ್ತು ಮೀರಿಸಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ನನಗೆ ನೆನಪಾಯಿತು.

ಇಷ್ಟೇ ಆಗಿದ್ದರೆ ನಾನು ನಿಮಗೆ ಇದನ್ನು ಬರೆಯುತ್ತಿರಲಿಲ್ಲ. ಅದೇ ಗ್ರಂಥದಲ್ಲಿ ಮಠದ ಉಗ್ರಾಣ ನೋಡಿಕೊಳ್ಳುವವನಿಗೆ ಒಂದು ಮಾತಿದೆ. ಮಠದ ಪಾತ್ರೆಪಡಗ, ಸಲಕರಣೆಗಳನ್ನು ಪೂಜಾವೇದಿಕೆಯ ಮೇಲಿನ ಪವಿತ್ರ ಪಾತ್ರೆಗಳೆಂದೇ ಕಾಣಬೇಕು ಎಂದು. ಅಡುಗೆ ಮನೆಯ ಕೆಲಸಕ್ಕೆ ವಾರದ ಸರದಿ. ಕಾಯಿಲೆ ಅಥವಾ ಬೇರೆ ಮುಖ್ಯ ಕೆಲಸ ಇಲ್ಲದಿದ್ದರೆ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಸರದಿ ಮುಗಿಸಿದವನು ಕೈ ಒರೆಸುವ ಬಟ್ಟೆಗಳನ್ನು ಒಗೆದು ಕೊಡಬೇಕು. ಸರದಿ ಮುಗಿಸುವವನೂ ಹೊಸದಾಗಿ ಹಿಡಿಯುವವನೂ ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೆದುರು ಬಾಗಿ ಆಶೀರ್ವಾದ ಪಡೆಯಬೇಕು. ಅಡುಗೆಮನೆ ಸರದಿಗೆ ಆಶೀರ್ವಾದ! ನಮ್ಮ ಮನೆಗಳಲ್ಲಿ ಹೆಂಗಸರು ಐವತ್ತು ವರ್ಷ ಆ ಸರದಿ ಮಾಡುತ್ತಾರೆ, ಯಾರು ಆಶೀರ್ವಾದ ಮಾಡಿದ್ದೇವೆ?

ರೋಗಿಗಳ ಬಗ್ಗೆ ಬೇರೆಯೇ ಒಂದು ಅಧ್ಯಾಯ. ರೋಗಿಗಳ ಆರೈಕೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಮೇಲು. ಅವರನ್ನು ಸಾಕ್ಷಾತ್ ಕ್ರಿಸ್ತನೆಂದೇ ತಿಳಿದು ಸೇವೆ ಮಾಡಬೇಕು ಎಂದು ವಿಧಿ. ಇದು ಅವರ ಬೈಬಲ್‌ನಿಂದಲೇ ಬಂದದ್ದು. ನಾನು ರೋಗಿಯಾಗಿದ್ದಾಗ ನೀವು ನನ್ನನ್ನು ನೋಡಿಕೊಂಡಿರಿ ಎಂದು ಕೊನೆಯ ತೀರ್ಪಿನ ದಿನ ದೇವರು ಹೇಳುವ ಪ್ರಸಂಗ ಮತ್ತಾಯನ ಸುವಾರ್ತೆಯಲ್ಲಿದೆ. ನಿಮ್ಮ ಮನೆಗೆ ಬರುವ ಆ ತಾಯಿ ಅದನ್ನು ಎಷ್ಟು ಸಲ ಕೇಳಿರುತ್ತಾರೋ. ಅವರು ಸ್ವಂತ ಕಲ್ಪನೆಯಿಂದ ಹೇಳಿದ್ದಲ್ಲ.

ಈಗ ಒಂದು ಸಂದೇಹ ಬರಬೇಕು. ಪ್ರಾರ್ಥನೆಗಿಂತ ಮುಂದೆ ಯಾವುದೂ ಇಲ್ಲ ಎಂದವರೇ ರೋಗಿಯ ಸೇವೆ ಎಲ್ಲಕ್ಕಿಂತ ಮೊದಲು ಎಂದರೆ ಯಾವುದು ಸರಿ? ನಾನು ಪ್ರಾಧ್ಯಾಪಕರನ್ನು ಕೇಳಿದೆ. ಅವರು ನಕ್ಕು, ಮಠದಲ್ಲಿ ಇಬ್ಬರು ಇರುತ್ತಾರೆ ಶಾಸ್ತ್ರಿಗಳೇ, ಒಬ್ಬ ಗಂಟೆಗೆ ಓಡುತ್ತಾನೆ, ಒಬ್ಬ ರೋಗಿಯ ಹತ್ತಿರ ಕೂರುತ್ತಾನೆ, ನಾಳೆ ಅವನು ಓಡುತ್ತಾನೆ ಇವನು ಕೂರುತ್ತಾನೆ ಅಂದರು. ನಿಮ್ಮ ಕಷ್ಟದ ಮೂಲ ಇಲ್ಲೇ ಇದೆ ತಾಯಿ. ನಿಮ್ಮ ಮನೆಯಲ್ಲಿ ಓಡುವವರೂ ನೀವೇ, ಕೂರುವವರೂ ನೀವೇ.

ಮಠದವರಿಗೆ ಮಾತ್ರ ಇದೆಲ್ಲ ಎನ್ನಬೇಡಿ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಕಾರ್ಮೆಲೈಟ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧಾರಣ ಸೇವಕ ಇದ್ದ. ಮೊದಲು ಸಿಪಾಯಿ, ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಕುಂಟುತ್ತಿದ್ದ. ವಿದ್ಯೆ ಹೆಚ್ಚಿಲ್ಲದ್ದರಿಂದ ಅಡುಗೆಮನೆಗೆ ಹಾಕಿದರು. ಅವನಿಗೆ ಸ್ವಭಾವತಃ ಅಡುಗೆ ಕೆಲಸವೆಂದರೆ ಆಗದು. ಆದರೂ ಸುಮಾರು 15 ವರ್ಷ ಅಲ್ಲೇ ಇದ್ದ, ಆಮೇಲೆ ಚಪ್ಪಲಿ ಹೊಲಿದ. ಒಲೆಯ ಮೇಲಿನದನ್ನು ತಿರುವಿ ಹಾಕುವುದನ್ನೂ ದೇವರ ಮೇಲಿನ ಪ್ರೀತಿಗಾಗಿಯೇ ಮಾಡುತ್ತಿದ್ದನಂತೆ. ಪಾತ್ರೆಗಳ ಸದ್ದಿನ ನಡುವೆಯೂ ಪ್ರಾರ್ಥನಾ ಮಂದಿರದಲ್ಲಿದ್ದಷ್ಟೇ ಶಾಂತಿ ತನಗೆ ಎಂದು ಕೇಳಿದವರಿಗೆ ಹೇಳುತ್ತಿದ್ದ. 1691ರಲ್ಲಿ ತೀರಿಕೊಂಡ. ಅವನ ಮಾತು, ಪತ್ರಗಳನ್ನು ಆಮೇಲೆ ಯಾರೋ ಒಟ್ಟುಮಾಡಿ ಪುಸ್ತಕ ಮಾಡಿದ್ದನ್ನು ಲೋಕ ಇಂದಿಗೂ ಓದುತ್ತಿದೆ. ನನಗೆ ಅವನಲ್ಲಿ ಹಿಡಿಸಿದ್ದು ಶಾಂತಿಯ ಮಾತಲ್ಲ, ಅದನ್ನು ಯಾರು ಬೇಕಾದರೂ ಹೇಳಬಹುದು. ಇಷ್ಟವಿಲ್ಲದ ಕೆಲಸವನ್ನು ಹದಿನೈದು ವರ್ಷ ಬಿಡದೆ ಮಾಡಿದ್ದು ಹಿಡಿಸಿತು.

ಅವನಿಗಿಂತ ಒಂದು ಶತಮಾನ ಮೊದಲು ಜರ್ಮನಿಯಲ್ಲಿ ಮಾರ್ಟಿನ್ ಲೂಥರ್. ಕ್ಯಾಥೊಲಿಕ್ ಮಠ ಬಿಟ್ಟು ಬಂದು, ಪ್ರೊಟೆಸ್ಟೆಂಟ್ ಪಂಥಕ್ಕೆ ಮೂಲನಾದವನು. ಅವನಿಗೂ ಮಠದವರಿಗೂ ಎಷ್ಟೋ ವಿಷಯದಲ್ಲಿ ಜಗಳ. ಆದರೆ ಈ ಮಾತಿನಲ್ಲಿ ಅವನು ಇನ್ನೂ ಒಂದು ಹೆಜ್ಜೆ ಮುಂದೆ. ಸನ್ಯಾಸಿಯ ಜೀವನವೇ ಮೇಲು, ಸಂಸಾರಿಯದು ಕೀಳು ಎಂಬುದನ್ನೇ ಅವನು ಒಪ್ಪಲಿಲ್ಲ. 1522ರಲ್ಲಿ ಗೃಹಸ್ಥಜೀವನದ ಬಗ್ಗೆ ಬರೆದ ಬರಹದಲ್ಲಿ ತಂದೆಯಾದವನು ಮಗುವಿನ ಹೊಲಸು ಬಟ್ಟೆ ಒಗೆಯುವ ಪ್ರಸಂಗ ತರುತ್ತಾನೆ. ನೋಡಿದ ಜನ ಹೆಣ್ಣಿಗ ಎಂದು ನಗಬಹುದು, ಆದರೆ ಅವನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರೂ ದೇವದೂತರೂ ಸಂತೋಷದಿಂದ ನಗುತ್ತಾರೆ ಎಂಬ ಭಾವ. ಐನೂರು ವರ್ಷದ ಹಿಂದೆ ಒಬ್ಬ ಧರ್ಮಗುರು ಮಲದ ಬಟ್ಟೆಯನ್ನು ದೇವರ ಕಣ್ಣೆದುರು ತಂದಿಟ್ಟದ್ದು ಸಣ್ಣ ಮಾತಲ್ಲ. ನಿಮ್ಮ ಪತ್ರದಲ್ಲಿ ಆ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಇದು.

ಒಂದು ಭೇದ ಹೇಳಿಬಿಡಬೇಕು, ಎಲ್ಲಾ ಒಂದೇ ಎಂದು ಹೇಳುವ ಚಾಳಿ ನನಗಿಲ್ಲ. ಅವರಲ್ಲಿ, ಅದರಲ್ಲೂ ಲೂಥರನ ಮಾತಿನಲ್ಲಿ, ಸೇವೆಯಿಂದ ಮೋಕ್ಷ ಸಂಪಾದಿಸುವುದು ಎಂಬುದಿಲ್ಲ. ದೇವರ ಕೃಪೆ ಮೊದಲೇ ಬಂದಿದೆ, ಸೇವೆ ಅದಕ್ಕೆ ಕೃತಜ್ಞತೆ. ಪೌಲನೆಂಬ ಅವರ ಅಪೊಸ್ತಲ ರೋಮಿನವರಿಗೆ ಬರೆದ ಪತ್ರದಲ್ಲಿ ನಿಮ್ಮ ದೇಹವನ್ನೇ ಸಜೀವ ಬಲಿಯಾಗಿ ಅರ್ಪಿಸಿ, ಅದೇ ಸರಿಯಾದ ಆರಾಧನೆ ಎಂಬ ಅರ್ಥದ ಮಾತು ಇದೆಯಂತೆ. ನಮ್ಮಲ್ಲಿ ಕರ್ಮಕ್ಕೆ ಕರ್ಮದ ಲೆಕ್ಕ ಬೇರೆ, ಜನ್ಮಾಂತರ ಬೇರೆ. ಆದರೆ ನಿತ್ಯಕರ್ಮಕ್ಕೆ ಮಾತ್ರ ನಮ್ಮಲ್ಲೂ ವಿಶೇಷ ಫಲ ಹೇಳಿಲ್ಲ. ಮಾಡಬೇಕು, ಅದಕ್ಕೆ ಮಾಡುವುದು. ಅಲ್ಲಿ ಇಬ್ಬರೂ ಹತ್ತಿರ ಬರುತ್ತೇವೆ.

ಹಾಗಾದರೆ ಕೆಲಸವೇ ಪೂಜೆ, ದೇವರ ಮನೆ ಬಾಗಿಲು ಹಾಕಿಬಿಡೋಣ ಅಂತೀರೋ? ಇಲ್ಲ. ಇಲ್ಲೇ ಬಹಳ ಜನ ಜಾರುವುದು. ಆಫೀಸಿನ ಗೋಡೆಯ ಮೇಲೆ ಆ ಮಾತು ಬರೆದು ಹಾಕಿದವರನ್ನು ನೋಡಿದ್ದೇನೆ, ಪೂಜೆಯೂ ಇಲ್ಲ, ಕೆಲಸವೂ ಅಷ್ಟಕ್ಕಷ್ಟೇ. ನಿಮ್ಮ ಮನೆಗೆ ಬರುವ ತಾಯಿ ಅರೆ ನಿಮಿಷ ಕಣ್ಣು ಮುಚ್ಚಿ ನಿಲ್ಲುತ್ತಾರೆ ಎಂದು ನೀವೇ ಬರೆದಿದ್ದೀರಿ. ಭಾನುವಾರ ಚರ್ಚು ತಪ್ಪಿಸುವುದಿಲ್ಲ ಎಂದೂ ಬರೆದಿದ್ದೀರಿ. ಆ ಅರೆ ನಿಮಿಷ, ಆ ಭಾನುವಾರ ಇರುವುದರಿಂದಲೇ ಉಳಿದ ಆರು ದಿನದ ಕೆಲಸ ಅವರಿಗೆ ಪ್ರಾರ್ಥನೆಯಾಗಿದೆ. ಗಂಟೆಯೇ ಇಲ್ಲದ ಮಠದಲ್ಲಿ ಹೊಲದ ಕೆಲಸ ಬರೀ ಹೊಲದ ಕೆಲಸ. ನೆನೆಯುವ ಹೊತ್ತು ಚಿಕ್ಕದಿರಲಿ, ಆದರೆ ಗೊತ್ತಾದ ಹೊತ್ತಿಗೆ ಇರಲಿ. ಹಾಗಿದ್ದರೆ ಅದರ ಪರಿಮಳ ಉಳಿದ ಕೆಲಸಕ್ಕೂ ಹತ್ತುತ್ತದೆ.

ಅವರ ಧರ್ಮದ ಮಾತನ್ನು ನಾವು ಒಪ್ಪಬಹುದೇ ಎಂದು ಕೇಳಿದ್ದೀರಿ. ಅವರು ನಿಮ್ಮನ್ನು ಚರ್ಚಿಗೆ ಕರೆದಿಲ್ಲ, ನಾನೂ ಕಳಿಸುತ್ತಿಲ್ಲ. ಆ ಮಾತು ನಮ್ಮ ಮನೆಯಲ್ಲೇ ಇದೆ, ನಾವು ಮರೆತಿದ್ದೇವೆ, ಅಷ್ಟೇ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯರು ಧರ್ಮರಾಯನಿಗೆ ಹೇಳುವ ಕಥೆ. ಕೌಶಿಕನೆಂಬ ಬ್ರಾಹ್ಮಣ ಮರದ ಕೆಳಗೆ ವೇದ ಹೇಳುತ್ತಿದ್ದಾಗ ಕೊಕ್ಕರೆ ಮೈಮೇಲೆ ಹೇತಿತು. ಅವನು ಸಿಟ್ಟಿನಿಂದ ನೋಡಿದ, ಅದು ಸತ್ತುಬಿತ್ತು. ಭಿಕ್ಷೆಗೆ ಹೋದರೆ ಗೃಹಿಣಿ ಹಸಿದು ಬಂದ ಗಂಡನ ಉಪಚಾರ ಮುಗಿಸಿ ತಡವಾಗಿ ಬಂದಳು. ಇವನು ಕೆಂಡವಾದ. ನಾನು ಕೊಕ್ಕರೆಯಲ್ಲ ಎಂದಳು ಆಕೆ. ಧರ್ಮ ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಹತ್ತಿರ ಹೋಗು ಎಂದು ಕಳಿಸಿದಳು. ಮಾಂಸ ಮಾರುವ ವ್ಯಾಧ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಮುದಿ ತಂದೆತಾಯಿಯರನ್ನು ತೋರಿಸಿ, ಇವರೇ ನನ್ನ ದೇವರು, ದೇವರಿಗೆ ಮಾಡುವುದನ್ನೆಲ್ಲಾ ಇವರಿಗೆ ಮಾಡುತ್ತೇನೆ ಎಂದ. ಕಥೆಯನ್ನು ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ವ್ಯಾಧ ಮುಂದೆ ಇನ್ನೊಂದು ಮಾತು ಹೇಳುತ್ತಾನೆ: ನೀನು ವೇದಾಧ್ಯಯನಕ್ಕೆಂದು ಅಪ್ಪ ಅಮ್ಮನ ಅಪ್ಪಣೆ ಇಲ್ಲದೆ ಮನೆ ಬಿಟ್ಟು ಬಂದೆ, ಅವರು ಆ ಕೊರಗಿನಲ್ಲಿ ಕಣ್ಣು ಕಳೆದುಕೊಂಡಿದ್ದಾರೆ, ಮೊದಲು ಹೋಗಿ ಅವರನ್ನು ನೋಡಿಕೋ.

ನಿಮ್ಮ ಪತ್ರ ಪಂಚಾಂಗದೊಳಗೆ ಉಳಿದದ್ದು ಈ ಕಾರಣಕ್ಕೆ. ನನ್ನ ತಾಯಿ ಹಾಸಿಗೆ ಹಿಡಿದು ಹನ್ನೊಂದು ತಿಂಗಳು ಇದ್ದರು. ಆಗ ನಾನು ಮಠಗಳಲ್ಲಿ, ಮನೆಗಳಲ್ಲಿ ಬಹಳ ಬೇಡಿಕೆಯ ಪುರೋಹಿತ. ಬೆಳಗಿನ ಜಪ ಒಂದು ದಿನ ಬಿಟ್ಟವನಲ್ಲ. ಒಂದು ದಿನ ಬೆಳಿಗ್ಗೆ ಒಳಗಿನಿಂದ ಅಮ್ಮ ನೀರು ಕೇಳಿದರು. ನಾನು ಗಾಯತ್ರಿಯಲ್ಲಿದ್ದೆ. ಕೈ ಸನ್ನೆ ಮಾಡಿದೆ, ಅವರಿಗೆ ಕಾಣುವಂತಿರಲಿಲ್ಲ. ಮತ್ತೆ ಕೂಗಿದರು. ಹೆಂಡತಿ ಹಿತ್ತಿಲಲ್ಲಿ ಅವರ ಬಟ್ಟೆ ಒಗೆಯುತ್ತಿದ್ದಳು. ನಾನು 108 ಮುಗಿಸಿ, ಉಪಸ್ಥಾನ ಮಾಡಿ, ಎದ್ದು ನೀರು ತೆಗೆದುಕೊಂಡು ಹೋದೆ. ಅಮ್ಮ ಕುಡಿದು, "ಜಪ ಆಯ್ತೇನಪ್ಪ?" ಎಂದರು. ಬೇಸರದಿಂದ ಅಲ್ಲ, ನಿಜವಾಗಿಯೇ ಕೇಳಿದರು. ಅವರು ಹೋಗಿ ಹದಿನೆಂಟು ವರ್ಷ. ಜಪದ ನಡುವೆ ಎದ್ದರೆ ಆಚಮನ ಮಾಡಿ ಮುಂದುವರಿಸಬಹುದು ಎಂಬ ವಿಧಿ ನನಗೆ ಗೊತ್ತಿಲ್ಲದ್ದೇನಲ್ಲ, ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ. ಪಕ್ಕದ ಮನೆಯ ಹೆಂಚಿನ ಕಾರ್ಖಾನೆಯವನು ಆಗಿದ್ದರೆ ಏನು ಮಾಡುತ್ತಿದ್ದ ಎಂದು ಆಗಾಗ ಯೋಚಿಸುತ್ತೇನೆ.

ಇರಲಿ. ಈಗ ನೀವು ಮಾಡಬೇಕಾದದ್ದು.

ಬೆಳಿಗ್ಗೆ ಅತ್ತೆಯವರದು ಮುಗಿಸಿ, ಸೋಪಿನಲ್ಲಿ ಕೈ ತೊಳೆದು, ಮುಖ ಕಾಲು ತೊಳೆದು, ಸೀರೆ ಬದಲಿಸಿ. ಸ್ನಾನ ಆಗಿದ್ದರೆ ಒಳ್ಳೆಯದು, ಆಗದಿದ್ದರೆ ಆಚಮನ ಸಾಕು. ತಾಯಿಯ ಮಲ ತೊಳೆದ ಕೈಗೆ ಮೈಲಿಗೆ ಇಲ್ಲ. ತೊಳೆಯುವುದು ಶುಚಿಗೆ, ಪಾಪಕ್ಕಲ್ಲ. ದೀಪ ಹಚ್ಚಿ. ಗಂಧ, ಒಂದು ಹೂವು, ಊದುಬತ್ತಿ, ದೀಪ, ಚಿಟಿಕೆ ಸಕ್ಕರೆಯೋ ಒಂದು ಲೋಟ ಹಾಲೋ ನೈವೇದ್ಯ, ಪಂಚೋಪಚಾರ ಪೂಜೆ ಆಯಿತು. ಆಮೇಲೆ ಕನ್ನಡದಲ್ಲೇ, ಇವತ್ತು ಈ ಮನೆಯಲ್ಲಿ ಅತ್ತೆಗೆ ನಾನು ಮಾಡುವುದೆಲ್ಲ ನಿನಗೆ ಸಲ್ಲಲಿ ಎಂದು ಹೇಳಿಕೊಳ್ಳಿ. ಇದು ಸಂಕಲ್ಪ. ಒಟ್ಟು ಐದು ನಿಮಿಷ. ಆದರೆ ಹೊತ್ತು ಒಂದೇ ಇರಲಿ. ಆರೂಮುಕ್ಕಾಲು ಎಂದರೆ ದಿನಾ ಆರೂಮುಕ್ಕಾಲು. ಒಂದು ದಿನ ಒಂದು ಗಂಟೆ, ಮೂರು ದಿನ ಏನೂ ಇಲ್ಲ ಎನ್ನುವುದಕ್ಕಿಂತ ಇದು ಮೇಲು.

ಸಹಸ್ರನಾಮ ಅರ್ಧ ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ಶುಕ್ರವಾರ ಮಾತ್ರ ಇಟ್ಟುಕೊಳ್ಳಿ, ಅದೂ ಅತ್ತೆಯವರ ಮಂಚದ ಪಕ್ಕ ಕೂತು ಅವರಿಗೆ ಕೇಳುವ ಹಾಗೆ ಹೇಳಿ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೂ ಬಾಯಿಪಾಠವಾದ ಸ್ತೋತ್ರ ಕೆಲವೊಮ್ಮೆ ನಾಲಿಗೆಗೆ ಬರುವುದನ್ನು ನಾನು ನೋಡಿದ್ದೇನೆ. ಬರದಿದ್ದರೂ ಕಿವಿ ಇದೆಯಲ್ಲ. ಸಂಜೆ ದೀಪ ಹಚ್ಚಿದಾಗ ಗಂಟೆ ಬಾರಿಸಿ. ಮಂಚದಿಂದ ದೀಪ ಕಾಣುವ ಹಾಗೆ ಬಾಗಿಲು ತೆರೆದಿಡಿ. ಬೆಳಗು ಯಾವುದು ಬೈಗು ಯಾವುದು ಎಂದು ಮಲಗಿದವರಿಗೆ ತಿಳಿಯುವುದು ಇಂಥದ್ದರಿಂದಲೇ.

ಸಾಲಿಗ್ರಾಮ ಇದೆ ಎಂದಿದ್ದೀರಿ. ಅದಕ್ಕೆ ದಿನವೂ ಅಭಿಷೇಕ, ನೈವೇದ್ಯ ಆಗಬೇಕು ಎಂಬುದು ಸಂಪ್ರದಾಯ. ಆಗದ ಮನೆಯಲ್ಲಿ ಇಟ್ಟುಕೊಂಡು ಕೊರಗುವುದು ಬೇಡ. ಒಳ್ಳೆಯ ದಿನ ನೋಡಿ ದೇವರ ಪೆಟ್ಟಿಗೆಯನ್ನು ಭಾವನವರ ಮನೆಗೆ ಕಳಿಸಿ. ಹಿರಿಯ ಮಗ, ನಿತ್ಯಪೂಜೆಯ ಬಗ್ಗೆ ಅಷ್ಟು ಕಾಳಜಿ ಇರುವವರು, ಸಂತೋಷದಿಂದ ಮಾಡುತ್ತಾರೆ. ದಿನವೂ ಸ್ನಾನ ಮಾಡಿ ಮಡಿಯುಟ್ಟು ಅಭಿಷೇಕ ಮಾಡಿ ಆ ತೀರ್ಥವನ್ನು ಪ್ರತಿ ಭಾನುವಾರ ತಾವೇ ತಂದು ತಾಯಿಯ ಬಾಯಿಗೆ ಹಾಕಲಿ ಎಂದು ನಾನು ಹೇಳಿದೆ ಎಂದು ಹೇಳಿ. ಬೇಕಾದರೆ ಈ ಪತ್ರಿಕೆಯನ್ನೇ ತೋರಿಸಿ.

ಆ ಕ್ರೈಸ್ತ ತಾಯಿಯ ಕೈಯಲ್ಲಿ ದೇವರ ಮನೆ ಕೆಲಸ ಮಾಡಿಸಬೇಡಿ. ಮಡಿಯ ಕಾರಣಕ್ಕಲ್ಲ, ಅವರಿಗೆ ಅವರ ನಿಯಮವಿದೆ, ಸಂಕೋಚಕ್ಕೆ ಒಪ್ಪಿಕೊಂಡಾರು. ಅವರು ನಿಲ್ಲುವ ಆ ಅರೆ ನಿಮಿಷದಲ್ಲಿ ಯಾವ ಕೆಲಸವನ್ನೂ ಹೇಳಬೇಡಿ. ಗುಡ್ ಫ್ರೈಡೆ, ಕ್ರಿಸ್‌ಮಸ್‌ಗೆ ಕೇಳುವ ಮೊದಲೇ ರಜೆ ಕೊಡಿ, ಸಂಬಳ ಹಿಡಿಯಬೇಡಿ.

ಇನ್ನು ಭಾನುವಾರ. ಕ್ಯಾಥೊಲಿಕರಿಗೆ ಭಾನುವಾರದ ಪೂಜೆ ಕಡ್ಡಾಯ ನಿಯಮ, ನಮಗೆ ಸಂಧ್ಯೆ ಇದ್ದಂತೆ. ಅವರು ಆ ಹೊತ್ತಿಗೆ ಚರ್ಚಿನಲ್ಲಿರಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ 9ರಿಂದ 12ರವರೆಗೆ ಅತ್ತೆಯವರ ಸೇವೆ ನಿಮ್ಮ ಯಜಮಾನರ ಸರದಿ. ಅಂದು ಕಂಪನಿ ಬಸ್ಸಿಲ್ಲ. ಬಟ್ಟೆ ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲಾ ಅವರೇ. ಹೊರಳಿಸುವುದು ಹೇಗೆ ಎಂದು ಶನಿವಾರ ಆ ತಾಯಿಯಿಂದಲೇ ಕಲಿತುಕೊಳ್ಳಲಿ. ಶುರು ಮಾಡುವ ಮೊದಲು ಕೈಕಾಲು ತೊಳೆದು ಅರೆ ನಿಮಿಷ ದೇವರ ಮುಂದೆ ನಿಂತು ಬರಲಿ. ನೀವು ಆ ಮೂರು ಗಂಟೆ ಮಲಗಿ. ದೇವಸ್ಥಾನಕ್ಕೂ ಹೋಗಬೇಡಿ, ಮಲಗಿ.